ಬೂದಿ ಮೇಡಂ ಬೇಲಿ

ಟೈಲರ್ ಚಹಾ ಲೋಟದ ತಳಕ್ಕೆ ಅಂಟಿದ್ದ ಸಕ್ಕರೆಯನ್ನು ಬೆರಳಿನಿಂದ ಉಜ್ಜುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಸಾರ್, ಡಬ್ಬಿ ಎಲ್ಲಿ? ಒಂದ್ಸಲ ಮುಟ್ಟಿ ಹೋಗೋಣ ಅಂತ ಬಂದೆ."

ಅಡುಗೆಮನೆಯ ಬಾಗಿಲಲ್ಲಿ ಜರಡಿ ನಿಂತಿದ್ದಳು. ಟೈಲರನ ತೀರಿಕೊಂಡ ಹೆಂಡತಿ ಕೆಲಸ ಮಾಡುತ್ತಿದ್ದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇವಳು ಶಿಷ್ಯೆ. ಸೇರಿದ ವರ್ಷವೆಲ್ಲ ಮಣ್ಣು ಜರಡಿ ಹಿಡಿದದ್ದೇ ಹಿಡಿದದ್ದು. ಆಗ ಅಂಟಿದ ಹೆಸರು ಆಮೇಲೆ ಬಿಡಲಿಲ್ಲ. ಬೆಳಗ್ಗೆ ಚಿತಾಗಾರದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳೂ ಇವಳೇ. ಮೂಗಿನ ತುದಿ ಇನ್ನೂ ಕೆಂಪಗಿತ್ತು.

"ಭಾಮೈದ ತಗೊಂಡು ಹೋದ, ಗುಡ್ಡಕ್ಕೆ," ಎಂದ ಟೈಲರ್.

"ಯಾವ ಗುಡ್ಡಕ್ಕೆ?"

"ಅವಳ ಗುಡ್ಡಕ್ಕೇ ಕಣಮ್ಮ. ಅಕ್ಕನ ಜೀವ ಇದ್ದದ್ದೇ ಆ ಬೇಲಿ ಒಳಗೆ, ಬೂದೀನೂ ಅಲ್ಲೇ ಹಾಕಿಬಿಡೋಣ ಅಂದ. ನಾನು ಹೂಂ ಅಂದೆ. ನನಗೆ ನೋಡೋಕಾಗಲ್ಲಪ್ಪ, ನೀವೇ ಹೋಗಿಬನ್ನಿ ಅಂತ ಕಳಿಸಿದೆ."

ಜರಡಿಯ ಕೆಂಪು ಮೂಗು ಬೆಳ್ಳಗಾಯಿತು.

"ಬೇಲಿ ಒಳಗಾ? ಅಯ್ಯೋ ಸಾರ್, ಬೇಲಿ ಒಳಗೆ ಬೇಡ! ಅಲ್ಲಿ ಮುಂದಿನ ವಾರ ಕೊನೇ ಮಣ್ಣು ತೆಗೀಬೇಕು! ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷದಿಂದ ಅವರು ಅಳೀತಾ ಬಂದಿರೋ ಮಣ್ಣು ಅದು. ಮೂಳೆ ಬೂದಿ ಅಂದ್ರೆ ಏನು ಗೊತ್ತಾ? ಪೂರ್ತಿ ಫಾಸ್ಫರಸ್ಸು, ಪೂರ್ತಿ ಸುಣ್ಣ. ಅದು ಬಿತ್ತು ಅಂದ್ರೆ ಇಷ್ಟು ವರ್ಷದ ಲೆಕ್ಕ ಎಲ್ಲ..."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಟೈಲರ್ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ. ಆ ಬೇಲಿಗಾಗಿ ಹೆಂಡತಿ ಬಿಸಿಲಲ್ಲಿ ಬೆಂದಿದ್ದಳು, ಮಳೆಯಲ್ಲಿ ನೆಂದಿದ್ದಳು, ಬಂಧುಗಳ ಮದುವೆಗಳನ್ನು ತಪ್ಪಿಸಿಕೊಂಡು ಬೈಸಿಕೊಂಡಿದ್ದಳು. ಈಗ ಅವಳ ಕೆಲಸವನ್ನೆಲ್ಲ ಅವಳ ಬೂದಿಯೇ ಕೆಡಿಸಬೇಕೆ? ಅದೂ ತನ್ನ ಒಂದು ಹೂಂನಿಂದ?

"ಫೋನ್ ಮಾಡಿ ಸಾರ್."

"ಚಿತಾಗಾರದಲ್ಲಿ ಆಫ್ ಮಾಡಿದ್ದ. ಮತ್ತೆ ಹಾಕಿರ್ತಾನಾ ಅವನು? ಮರೆವಿಗೆ ಹೆಸರಾದವನು."

ಮಾಡಿ ನೋಡಿದರು. ಅವನು ಹಾಕಿರಲಿಲ್ಲ.

"ಹೋಗಿ ಎಷ್ಟೊತ್ತಾಯ್ತು?"

"ಆಗಲೇ ಹೋದರಲ್ಲ. ನೀನು ಬರೋಕೆ ಬಹಳ ಮುಂಚೆ."

"ಲ್ಯಾಬಿನ ಜೀಪು ಹೊರಗಿದೆ. ಬನ್ನಿ."

ಚಪ್ಪಲಿ ಒಂದು ಅವನದು, ಇನ್ನೊಂದು ಯಾರದ್ದೋ. ಟೈಲರ್ ಹಾಗೆಯೇ ಓಡಿದ.

*

ಹೆಂಡತಿ ಮೊದಲ ಸಲ ಅವನ ಅಂಗಡಿಗೆ ಬಂದದ್ದು ಬಟ್ಟೆ ಹೊಲಿಸಲಲ್ಲ. ಸೊಳ್ಳೆಪರದೆಯಂಥ ನೈಲಾನ್ ಬಲೆಯ ಒಂದು ಸುರುಳಿಯನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿ, "ಇದರಲ್ಲಿ ಅಂಗೈ ಅಗಲದ ಚೀಲ ಬೇಕು, ನಾಲ್ಕೂ ಕಡೆ ಮುಚ್ಚೋ ಹಾಗೆ," ಎಂದಳು.

"ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಏನು ಹಾಕ್ತೀರಿ?"

"ಮೂರು ಕಡೆ ಹೊಲೀರಿ. ನಾನು ಒಣಗಿದ ಎಲೆ ತುಂಬಿ ತಂದುಕೊಡ್ತೀನಿ, ಆಮೇಲೆ ನಾಲ್ಕನೇದು."

ಟೈಲರ್ ಆಗ ಮೀಸೆ ಚಿಗುರಿದ ಹುಡುಗನೇನಲ್ಲ, ಆದರೂ ಗಿರಾಕಿಗಳ ಎದುರು ನಗು ತಡೆಯುವ ಕಲೆ ಇನ್ನೂ ಕೈಗೆ ಹತ್ತಿರಲಿಲ್ಲ. ಅವಳು ಸಿಟ್ಟಾಗದೆ ಬಿಡಿಸಿ ಹೇಳಿದಳು. ಗುಡ್ಡದ ಕುರುಚಲು ಪೊದೆಗಳ ಎಲೆ ಉದುರಿ ಮಣ್ಣಾಗುತ್ತದಲ್ಲ, ಅದು ಎಷ್ಟು ಬೇಗ ಆಗುತ್ತದೆ ಎಂದು ನೋಡಬೇಕು. ಎಲೆಯನ್ನು ತೂಗಿ ಚೀಲದಲ್ಲಿ ಹಾಕಿ ಪೊದೆಯ ಬುಡದಲ್ಲಿಡುವುದು. ಕೆಲವು ತಿಂಗಳು ಬಿಟ್ಟು ತೆಗೆದು ಮತ್ತೆ ತೂಗುವುದು. ಕಡಿಮೆಯಾದಷ್ಟನ್ನೂ ಮಣ್ಣು ತಿಂದಿದೆ ಎಂದು ಲೆಕ್ಕ. ಪೊದೆ ಮಣ್ಣಿಗೆ ಉಣ್ಣಿಸುತ್ತದೆ, ಮಣ್ಣು ಪೊದೆಗೆ ಉಣ್ಣಿಸುತ್ತದೆ. "ಅಕ್ಕಪಕ್ಕದ ಮನೆಗಳ ನಡುವೆ ಅಡುಗೆ ಸುತ್ತಾಡೋದಿಲ್ವಾ, ಹಾಗೆ," ಎಂದಳು.

ಟೈಲರ್ ಮಾತಿಗೆ ಹೂಂಗುಟ್ಟುತ್ತ ಚೀಲ ಹೊಲಿದುಕೊಟ್ಟ. ಒಳ್ಳೆಯ ಹತ್ತಿ ದಾರ ಹಾಕಿ, ಅಂಚು ಎರಡೆರಡು ಸಲ ಮಡಿಸಿ, ಮದುವೆಯ ಕೋಟಿಗೆ ಕೊಡುವಷ್ಟು ಗಮನ ಕೊಟ್ಟು ಹೊಲಿದ.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಈ ಸಲ ಮೇಜಿನ ಮೇಲೆ ಬಿದ್ದದ್ದು ಬಾಯಿ ಬಿಟ್ಟ ಬಲೆಯ ತುಂಡುಗಳು.

"ಇದೇನ್ರೀ ಇದು? ಎಲೆ ಎಲ್ಲಿ? ಎಲ್ಲ ಬಿಚ್ಚಿಕೊಂಡು ಗುಡ್ಡದ ಪಾಲಾಗಿದೆ!"

ಟೈಲರ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಬಲೆ ಗಟ್ಟಿಮುಟ್ಟಾಗಿತ್ತು. ಹೊಲಿಗೆ ಇದ್ದ ಜಾಗದಲ್ಲಿ ಬರೀ ಸೂಜಿ ತೂತು. ಅವನಿಗೆ ಹೊಳೆದು ನಾಲಿಗೆ ಕಚ್ಚಿಕೊಂಡ. "ಹತ್ತಿ ದಾರ ಹಾಕಿದ್ದೆ. ಹತ್ತೀನೂ ಗಿಡದ್ದೇ ಅಲ್ವಾ. ಮಣ್ಣು ಅದನ್ನೂ ಊಟ ಮಾಡಿದೆ."

ಅವಳು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಇಡೀ ಮಳೆಗಾಲದ ಕೆಲಸ ನೀರಲ್ಲಿ ಹೋಮವಾಗಿತ್ತು, ಆದರೂ ನಕ್ಕಳು. ಟೈಲರ್ ಮನಸ್ಸು ಸೋತದ್ದು ಆ ನಗುವಿಗೆ. ನೈಲಾನ್ ದಾರದಲ್ಲಿ ಎಲ್ಲವನ್ನೂ ಮತ್ತೆ ಹೊಲಿದುಕೊಟ್ಟ. ಮುಂದಿನ ಮಳೆಗಾಲದ ಹೊತ್ತಿಗೆ ಅವರ ಮದುವೆಯಾಗಿತ್ತು.

ಮಕ್ಕಳಾಗಲಿಲ್ಲ. ಅದಕ್ಕಾಗಿ ಕೊರಗುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಅವಳು ಹೇಳುತ್ತಿದ್ದಳು, ಅವನು ಮಷಿನ್ ತುಳಿಯುತ್ತ ಹೂಂ ಎನ್ನುತ್ತಿದ್ದ. ಒಳ್ಳೆಯ ಸಂಸಾರವೇ. ಆದರೆ ಮಷಿನ್ನಿನ ಸದ್ದಿನಲ್ಲಿ ಎಷ್ಟು ಕಿವಿಗೆ ಬಿತ್ತು, ಎಷ್ಟು ಬೀಳಲಿಲ್ಲ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

*

ಜೀಪು ಊರ ಹೊರಗಿನ ಗೋದಾಮುಗಳನ್ನು ದಾಟಿ ಏರುದಾರಿ ಹಿಡಿಯಿತು. ಜರಡಿ ಸ್ಟಿಯರಿಂಗನ್ನು ತಬ್ಬಿಕೊಂಡಂತೆ ಕೂತು ಓಡಿಸುತ್ತಿದ್ದಳು.

"ಕೊನೇ ಮಣ್ಣು ಅಂದ್ಯಲ್ಲ, ಅದು ಅಷ್ಟು ಮುಖ್ಯಾನಾ?" ಟೈಲರ್ ಹೆದರುತ್ತ ಕೇಳಿದ.

"ಅದೇ ಮುಖ್ಯ ಸಾರ್. ಬೆಂಕಿಯಲ್ಲಿ ಏನೇನು ಹೋಯ್ತು ಅಂತ ಎಲ್ಲರೂ ಬರೀತಾರೆ. ಹೋಗಿದ್ದು ಪೂರ್ತಿ ವಾಪಸ್ ಬಂತು ಅಂತ ಹೇಳೋಕೆ ಇಷ್ಟು ವರ್ಷ ಒಂದೇ ಜಾಗದಲ್ಲಿ ಕಾಯೋರು ಯಾರು? ಮೇಡಂ ಕಾದರು. ಹೋದ ಸಲ ತೆಗೆದಾಗ ಇನ್ನೇನು ಕೂದಲೆಳೆ ಕಡಿಮೆ ಇತ್ತು. ಈ ಸಲ ಸರಿಹೋಗತ್ತೆ ನೋಡು ಅಂತಿದ್ರು."

"ನೋಡದೇ ಹೋದಳು."

"ನಾನು ನೋಡ್ತೀನಿ ಅಂತ ಮಾತು ಕೊಟ್ಟಿದ್ದೆ." ಅವಳು ತೋಳಿಂದ ಮೂಗು ಒರೆಸಿಕೊಂಡಳು. "ಸಾರ್, ಬೂದಿ ಬಗ್ಗೆ ಮೇಡಂ ನಿಮಗೆ ಏನೂ ಹೇಳಿರಲಿಲ್ವಾ?"

ಟೈಲರ್ ಕಿಟಕಿಯಾಚೆ ನೋಡಿದ. ಹೇಳಿದ್ದಳು. ಅದೇ ಅವನನ್ನು ಕೊರೆಯುತ್ತಿದ್ದದ್ದು. ಹೋದ ತಿಂಗಳು, ಅವಳು ಹಾಸಿಗೆ ಹಿಡಿದ ಮೇಲೆ, ಮಷಿನ್ನನ್ನೇ ಅವಳ ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡಿದ್ದ. ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದ. ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವಳು ಛಾವಣಿ ನೋಡುತ್ತ ಏನೋ ಹೇಳುತ್ತಿದ್ದಳು: ಬೂದಿ, ಗುಡ್ಡ, ಬೇಲಿ. ಮೂರೂ ಮಾತು ಕಿವಿಗೆ ಬಿದ್ದಿದ್ದವು. ಬೇಲಿಯೊಳಗೆ ಹಾಕು ಎಂದಳೋ, ಹಾಕಬೇಡ ಎಂದಳೋ? "ತಿಳೀತಾ?" ಎಂದು ಕೇಳಿದ್ದಳು. ಸೂಜಿಗಳ ನಡುವಿನಿಂದ ಅವನು ಹೂಂ ಎಂದಿದ್ದ. ಕಾಲರ್ ಮಾತ್ರ ಬಹಳ ಚೆನ್ನಾಗಿ ಕೂತಿತ್ತು.

"ಹೇಳಿದ್ಲು ಕಣಮ್ಮ. ನಾನು ಕೇಳಿಸಿಕೊಳ್ಳಲಿಲ್ಲ."

ಜರಡಿ ಗೇರ್ ಬದಲಿಸಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಟೈಲರಿಗೆ. ಹೆಂಡತಿಯ ಒಂದು ಮಾತನ್ನಾದರೂ ನೆಟ್ಟಗೆ ಕಿವಿಗೆ ಹಾಕಿಕೊಂಡಿದ್ದೆನೇ ಎಂದು ಅವನು ತಡಕಾಡತೊಡಗಿದ.

*

ಗುಡ್ಡಕ್ಕೆ ಬೆಂಕಿ ಬಿದ್ದ ದಿನ ಊರೆಲ್ಲ ತಾರಸಿಯ ಮೇಲಿತ್ತು. ಕೆಲವರು ಗೋಳಾಡಿದರು, ಕೆಲವರು ಇವತ್ತು ಸೆಕೆ ಜಾಸ್ತಿ ಎಂದರು. ಹೆಂಡತಿ ಕೈಕಟ್ಟಿ ನಿಂತು ಹೊಗೆಯನ್ನೇ ನೋಡುತ್ತಿದ್ದಳು.

"ನೈಟ್ರೋಜನ್ ಹೋಗ್ತಾ ಇದೆ ನೋಡು," ಎಂದಳು, ಬಸ್ಸು ಹತ್ತಿದ ನೆಂಟರನ್ನು ತೋರಿಸುವ ಹಾಗೆ.

ಬೆಂಕಿ ಆರಿ ನೆಲ ತಣ್ಣಗಾದ ಮೇಲೆ ಅವನನ್ನೂ ಕರೆದೊಯ್ದಳು. ಬೇಲಿಗೆ ತಂತಿ ಎಳೆಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಟೈಲರ್ ಅಷ್ಟು ದೊಡ್ಡ ಬರಿದನ್ನು ಅದುವರೆಗೆ ಕಂಡಿರಲಿಲ್ಲ. ಆಳೆತ್ತರದ ಪೊದೆಗಳಿದ್ದ ಕಡೆ ಕರಿ ಕಡ್ಡಿಗಳು ಚುಚ್ಚಿಕೊಂಡು ನಿಂತಿದ್ದವು. ನೆಲದಲ್ಲಿ ಕೆಲವು ಕಡೆ ಬೂದಿ ಕಪ್ಪು, ಕೆಲವು ಕಡೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ.

"ಬಿಳಿ ಇರೋ ಕಡೆ ಬೆಂಕಿ ಜಾಸ್ತಿ ಉರಿದಿದೆ," ಅವಳು ಕೂತು ಬೆರಳಿಂದ ಗೆರೆ ಎಳೆದಳು. "ಎಲೆ, ಕಡ್ಡಿ, ಮಣ್ಣಿನ ಮೇಲಿನ ಕಸ, ಎಲ್ಲ ಹೋಗಿಬಿಟ್ಟಿದೆ. ನೈಟ್ರೋಜನ್ ಹೊಗೆ ಜೊತೆ ಹಾರಿತು. ಸುಣ್ಣ, ಪೊಟ್ಯಾಷ್, ಫಾಸ್ಫರಸ್ ಬೂದಿಯಲ್ಲಿ ಉಳೀತು. ವರ್ಷಗಟ್ಟಲೆ ಆಗಬೇಕಿದ್ದ ಊಟ ಒಂದೇ ಸಲ ಬಡಿಸಿಟ್ಟ ಹಾಗೆ."

"ಹಾಗಿದ್ರೆ ಒಳ್ಳೇದೇ ಅಲ್ವಾ?"

"ಉಣ್ಣೋರು ಎಲ್ಲಿದಾರೆ? ಬೇರುಗಳು ಇನ್ನೂ ಕಣ್ಣು ಬಿಡಬೇಕು. ಅಷ್ಟರಲ್ಲಿ ಜೋರು ಮಳೆ ಬಂದ್ರೆ ಬಡಿಸಿದ್ದೆಲ್ಲ ಇಳಿಜಾರಲ್ಲಿ ಕೊಚ್ಚಿಕೊಂಡು ಹೋಗುತ್ತೆ. ಗಾಳಿ ಬಂದ್ರೂ ಅಷ್ಟೇ. ಮೇಲಿಂದು ಕೆಳಗಿನವರ ಪಾಲು."

ಆ ವರ್ಷ ದೇವರ ದಯೆ, ಮಳೆ ಮೆಲ್ಲಗೆ ಬಂತು. ಸುಟ್ಟ ಬುಡಗಳಿಂದಲೇ ಕೆಂಪು ಚಿಗುರು ಎದ್ದಿತು. ಅದರ ನಡುವೆ ಮೊದಲು ಅಲ್ಲಿ ಅಷ್ಟಾಗಿ ಕಾಣದಿದ್ದ ಒಂದು ಸಣ್ಣ ಗಿಡ, ಅವರೆಯ ಜಾತಿಯದು, ದಂಡುದಂಡಾಗಿ ಬಂತು. ಅವಳು ಒಂದನ್ನು ಬೇರುಸಹಿತ ಕಿತ್ತು ಅವನಿಗೆ ತೋರಿಸಿದಳು. ಬೇರಿನಲ್ಲಿ ಸಾಸಿವೆಯಷ್ಟು ದಪ್ಪ ಗಂಟುಗಳಿದ್ದವು.

"ಇದರ ಬೀಜ ಮಣ್ಣಲ್ಲಿ ಸುಮ್ಮನೆ ಮಲಗಿರತ್ತೆ. ಬೆಂಕಿ ಬಿಸಿಗೆ ಸಿಪ್ಪೆ ಬಿರೀತು ಅಂದ್ರೆ ಏಳತ್ತೆ. ಹೊಗೆಯಲ್ಲಿ ಹೋದದ್ದನ್ನ ಗಾಳಿಯಿಂದಲೇ ಹಿಡಿದು ಈ ಗಂಟಲ್ಲಿ ಕೂಡಿಡುತ್ತೆ. ತನ್ನ ಎಲೆ ಉದುರಿಸಿ ಉದುರಿಸಿ ಮಣ್ಣಿಗೆ ವಾಪಸ್ ಕೊಡುತ್ತೆ. ನಿಧಾನ. ಬಹಳ ನಿಧಾನ."

"ಎಷ್ಟು ನಿಧಾನ?"

"ಅದನ್ನ ನೋಡೋಕೇ ಅಲ್ವಾ ಈ ಬೇಲಿ."

ಲ್ಯಾಬಿನಲ್ಲಿ ಅವಳಿಗೆ ಬೂದಿ ಮೇಡಂ ಎಂಬ ಹೆಸರು ಬಿದ್ದದ್ದು ಆಗಲೇ. ಮನೆಗೆ ಬಂದರೆ ತಲೆಗೂದಲಲ್ಲಿ ಬೂದಿ, ಸೀರೆಯ ನೆರಿಗೆಯಲ್ಲಿ ಬೂದಿ, ಊಟದ ತಟ್ಟೆಯ ಅಂಚಲ್ಲಿ ಬೂದಿ. ಟೈಲರ್ ಒಂದು ದಿನವೂ ಗೊಣಗಲಿಲ್ಲ. ಬಟ್ಟೆ ಒಗೆಯುವವನು ಅವನೇ ಆಗಿದ್ದ.

*

"ಸಾರ್, ಅವರ ಕಾರು!"

ರಸ್ತೆ ಮುಗಿದ ಕಡೆ ಭಾಮೈದನ ಹಳೆಯ ಕಾರು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಅಲ್ಲಿಂದ ಬೇಲಿಯವರೆಗೆ ಕಾಲುದಾರಿ. ಜರಡಿ ಓಡಿದಳು. ಟೈಲರ್ ಬೇರೆಬೇರೆ ಚಪ್ಪಲಿಯಲ್ಲಿ, ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಹಿಂದೆ ಬಿದ್ದ. ಬೇಲಿಯ ಗೇಟಿಗೆ ಬೀಗವಿರಲಿಲ್ಲ, ಬರೀ ಚಿಲಕ. ಬೀಗ ಹಾಕು ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಮಣ್ಣು ಕದಿಯೋಕೆ ಯಾರು ಬರ್ತಾರೆ ಎಂದು ಹೆಂಡತಿ ನಕ್ಕಿದ್ದಳು. ಕದಿಯುವವರು ಬರದಿದ್ದರೂ ಕೊಡುವವರು ಬರಬಹುದು ಎಂದು ಅವಳಿಗಾದರೂ ಹೇಗೆ ಹೊಳೆಯಬೇಕು?

ತಿರುವು ದಾಟಿದಾಗ ಗೇಟು ಕಂಡಿತು. ಅದರ ಮುಂದೆ, ಹೊರಗಡೆ, ಮೂವರು ಕೂತಿದ್ದರು: ಭಾಮೈದ, ಅವನ ಹೆಂಡತಿ, ಪಕ್ಕದ ಮನೆಯ ಟೀಚರಮ್ಮ. ಮೂವರೂ ಬರಿಗಾಲಲ್ಲಿದ್ದರು. ಚಪ್ಪಲಿಗಳು ಸಾಲಾಗಿ ಮಗುಚಿಕೊಂಡಿದ್ದವು. ಭಾಮೈದ ಒಂದು ಬೂಟನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಡಬ್ಬಿ ಅವನ ಮಡಿಲಲ್ಲಿತ್ತು.

"ಹಾಕಿಬಿಟ್ರಾ?" ಜರಡಿ ಕಿರುಚಿದಳು.

"ಎಲ್ಲಿ ಹಾಕೋದಮ್ಮ!" ಭಾಮೈದನ ಹೆಂಡತಿ ಕೈ ಬಡಿದಳು. "ಬಂದಾಗಿಂದ ಇವರದು ಇದೇ ರಾಮಾಯಣ. ಒಳಗೂ ಹೋಗಲ್ಲ, ವಾಪಸ್ಸೂ ಬರಲ್ಲ."

"ಡಬ್ಬಿ ತೆಗೆದಿಲ್ವಾ? ಮುಚ್ಚಳ?"

"ಮುಚ್ಚಳಾನೂ ತೆಗೆದಿಲ್ಲ," ಎಂದ ಭಾಮೈದ, ತಪ್ಪು ಮಾಡಿದವನಂತೆ.

ಟೈಲರ್ ಅಲ್ಲೇ ದಾರಿಯಲ್ಲೇ ಕುಕ್ಕರಿಸಿದ. ಜೇಬಿನಲ್ಲಿದ್ದ ಲೋಟ ತೊಡೆಗೆ ಒತ್ತಿತು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಅದರ ಹಿಂದೆಯೇ ನಗುವೂ ಬಂದು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟ. ಹೆಂಡತಿ ಹೋದ ಮೇಲೆ ಮೊದಲ ಸಲ ಅವನ ಎದೆ ಹಗುರಾಯಿತು. 

"ಭಾವ, ಏನಾಯ್ತು? ನೀರು ಕುಡೀರಿ." ಭಾಮೈದ ಗಾಬರಿಯಾಗಿ ಬಾಟಲಿ ಚಾಚಿದ. "ಹಾಕಬೇಕು ಅಂತಲೇ ಬಂದೆ ಭಾವ. ಆದರೆ ಆ ಬೋರ್ಡು ನೋಡಿ."

ಗೇಟಿಗೆ ತಗಡಿನ ಬೋರ್ಡು ಕಟ್ಟಿತ್ತು. ಟೈಲರನ ಹೆಂಡತಿಯ ದಪ್ಪಕ್ಷರ. ಒಳಗೆ ಬರುವವರು ಚಪ್ಪಲಿ, ಬೂಟು ಉಜ್ಜಿಕೊಂಡು ಬರತಕ್ಕದ್ದು. ಹೊರಗಿನ ಮಣ್ಣು, ಗೊಬ್ಬರ, ಊಟದ ಚೂರು, ಯಾವುದನ್ನೂ ಒಳಗೆ ತರಬಾರದು. ಬ್ರಷ್ಷು ಕೆಳಗೆ ದಾರದಲ್ಲಿ ನೇತುಹಾಕಿದೆ.

ಭಾಮೈದ ಇಡೀ ಜೀವನ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಬೋರ್ಡು ಎಂದರೆ ಅವನಿಗೆ ಎದ್ದು ನಿಲ್ಲುವಷ್ಟು ಭಯಭಕ್ತಿ.

"ಮೊದಲು ಬೂಟು ಉಜ್ಜಿದೆ," ಅವನು ವಿವರಿಸಿದ. "ಎಲ್ಲರದ್ದೂ ಉಜ್ಜಿಸಿದೆ. ಚಿಲಕಕ್ಕೆ ಕೈ ಹಾಕಿದೆ. ಆಗ ಎರಡನೇ ಸಾಲು ಕಣ್ಣಿಗೆ ಬಿತ್ತು. ಹೊರಗಿನದು ಯಾವುದೂ ತರಬಾರದು. ಚಪ್ಪಲಿಗೆ ಅಂಟಿದ ಮಣ್ಣೇ ಬೇಡ ಅಂದೋಳು ಇಷ್ಟು ದೊಡ್ಡ ಡಬ್ಬಿ ಬಿಡ್ತಾಳಾ?"

"ನಾನು ಹೇಳಿದೆ," ಅವನ ಹೆಂಡತಿ ನಡುವೆ ಬಾಯಿ ಹಾಕಿದಳು, "ಅತ್ತಿಗೆ ಹೊರಗಿನವರು ಹೇಗಾಗ್ತಾರೆ? ಬೇಲೀನೇ ಅವರದು ಅಂತ."

"ಬೋರ್ಡು ಹಾಕಿದೋಳಿಗೆ ಬೋರ್ಡು ಅನ್ವಯಿಸಲ್ವಾ? ಸ್ಟೇಷನ್ ಮಾಸ್ಟರ್ ಆದ್ರೂ ಟಿಕೆಟ್ ತಗೋಬೇಕು."

"ಇಬ್ಬರೂ ಹೀಗೇ ಕಚ್ಚಾಡ್ತಿದಾರೆ," ಎಂದರು ಟೀಚರಮ್ಮ ಸಮಾಧಾನವಾಗಿ. "ನಾನು ಬ್ರಷ್ ಮಾಡಿ ಮಾಡಿ ನನ್ನ ಚಪ್ಪಲಿ ಹೊಸದಾಗಿದೆ."

ಜರಡಿ ಭಾಮೈದನ ಎದುರು ಮಂಡಿಯೂರಿ ಅವನ ಎರಡೂ ಕೈ ಹಿಡಿದುಕೊಂಡು, "ಸಾರ್, ನೀವು ದೇವರು ಸಾರ್," ಎಂದಳು. ಯಾಕೆಂದು ಅವಳು ಬಿಡಿಸಿ ಹೇಳಿದ ಮೇಲೆ ಅವನ ಮುಖದ ಬಣ್ಣ ಇಳಿಯಿತು. ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡ. "ಸದ್ಯ! ಸತ್ತ ಮೇಲೂ ಅಕ್ಕನ ಕೈಲಿ ಬೈಸಿಕೊಳ್ಳೋದು ತಪ್ಪಿತು."

ಎಲ್ಲರೂ ನಕ್ಕರು. ಸಾವಿನ ಮನೆಯವರು ಎಂಬುದು ಒಂದು ಕ್ಷಣ ಯಾರಿಗೂ ನೆನಪಿರಲಿಲ್ಲ.

ನಗು ನಿಂತ ಮೇಲೆ ಭಾಮೈದ ಕೇಳಿದ, "ಈಗ ಎಲ್ಲಿ ಹಾಕೋದು ಭಾವ? ಅಕ್ಕ ನಿಮಗೆ ಏನು ಹೇಳಿದ್ಲು?"

ಎಲ್ಲರೂ ಅವನತ್ತ ನೋಡಿದರು. ಸುಳ್ಳು ಹೇಳಬಹುದಿತ್ತು. ಟೈಲರ್ ಹೇಳಲಿಲ್ಲ. "ಹೇಳಿದ್ಲು. ನಾನು ಹೂಂ ಅಂದೆ. ಏನು ಹೇಳಿದ್ಲು ಅಂತ ಗೊತ್ತಿಲ್ಲ."

 ಭಾಮೈದನ ಹೆಂಡತಿ ಗಂಡನತ್ತ ಒಂದು ನೋಟ ಎಸೆದಳು. ಈ ಗಂಡಸರೆಲ್ಲ ಒಂದೇ ಎಂಬ ನೋಟ ಅದು.

ಟೈಲರ್ ಎದ್ದು ನಿಂತ. ಬೇಲಿಯೊಳಗೆ ಪೊದೆಗಳು ಆಳೆತ್ತರ ದಾಟಿ ಬೆಳೆದಿದ್ದವು, ಒಂದರ ಭುಜಕ್ಕೆ ಒಂದು ತಾಗಿಸಿಕೊಂಡು. ಅವುಗಳ ಬುಡದಲ್ಲಿ ಒಣಗಿದ ಎಲೆ ಗೇಣು ದಪ್ಪಕ್ಕೆ ಮೆತ್ತಗೆ ಕೂತಿತ್ತು. ತಂತಿ ಎಳೆದ ದಿನ ಇಲ್ಲಿ ಏನೂ ಇರಲಿಲ್ಲ ಎಂದು ಈಗ ಯಾರಿಗಾದರೂ ಹೇಳಿದರೆ ನಂಬುವರೇ? ಅವನು ತಿರುಗಿ ಕೆಳಗೆ ನೋಡಿದ. ಕಾಲುದಾರಿಯ ಆಚೆ ಗುಡ್ಡ ಇಳಿಜಾರಾಗಿ ಒಂದು ಕೊರಕಲಿಗೆ ಇಳಿಯುತ್ತಿತ್ತು. ರಸ್ತೆಗೆ ಜಲ್ಲಿ ತೆಗೆದು ಬಿಟ್ಟ ಜಾಗ. ಅಲ್ಲಿ ಮಾತ್ರ ಇನ್ನೂ ಬೋಳು. ಒಂದೆರಡು ಬಡಕಲು ಗಿಡ.

"ಅಲ್ಲಿ," ಎಂದ.

"ಅಲ್ಲಿಯಾ ಭಾವ? ಆ ಕಲ್ಲಿನ ಗುಂಡೀಲಾ?"

"ಮೇಲಿಂದು ಕೆಳಗಿನವರ ಪಾಲು. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತೆ, ಅಲ್ಲಿಂದ ಇಲ್ಲಿಗೆ ಬರಲ್ಲ. ಬೇಲಿಗೆ ಏನೂ ಆಗಲ್ಲ. ಅಲ್ಲೋ, ಊಟ ಬೇಕಾಗಿದೆ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇದು ತನ್ನ ಮಾತಲ್ಲ. ಎಂದೋ ಒಂದು ದಿನ, ಮಷಿನ್ ನಿಂತಿದ್ದಾಗ, ಕೈಯಲ್ಲಿ ತಂತಿ ಹಿಡಿದಿದ್ದಾಗ, ಇದು ಕಿವಿಯ ಮೂಲಕ ಒಳಗೆ ಹೋಗಿ ಕೂತಿತ್ತು. ಜರಡಿ ಅವನನ್ನೇ ನೋಡುತ್ತಿದ್ದಳು.

"ಸರಿ ಇದೆ ಸಾರ್. ಮೇಡಂ ಇದ್ದಿದ್ರೆ ಅದನ್ನೇ ಅಂತಿದ್ರು. ಆದರೆ ಈಗ ಬೇಡ. ಗಾಳಿ ನೋಡಿ."

ಬಿಸಿಲು ಇರುವಷ್ಟು ಹೊತ್ತೂ ಆ ಗುಡ್ಡದಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಈಗ ಡಬ್ಬಿ ತೆಗೆದರೆ ಅವಳು ನೆಟ್ಟಗೆ ಬೇಲಿಯೊಳಗೇ ಹೋಗಿ ಇಳಿಯುತ್ತಾಳೆ. ಹೊತ್ತು ಇಳಿದ ಮೇಲೆ ಗಾಳಿ ತಿರುಗುತ್ತದೆ ಎಂದಳು ಜರಡಿ. ಹಾಗಾಗಿ ಐದೂ ಜನ ಕಾಯುತ್ತ ಕೂತರು. ಟೀಚರಮ್ಮ ಚೀಲದಿಂದ ಬ್ರೆಡ್ಡು, ಬಾಳೆಹಣ್ಣು ತೆಗೆದರು. ಯಾರು ಒಂದು ಚೂರು ಬೀಳಿಸಿದರೂ ಜರಡಿ ಹೆಕ್ಕಿ ಚೀಲಕ್ಕೆ ಹಾಕುತ್ತಿದ್ದಳು.

"ಅಕ್ಕ ಒಂದ್ಸಲ ನನ್ನ ರೈಲಲ್ಲಿ ಬಂದಿದ್ಲು," ಭಾಮೈದ ನೆನಪು ಮಾಡಿಕೊಂಡ. "ಸೀಟಿನ ಕೆಳಗೆ ಮೂಟೆ. ಏನಿದೆ ಅಂದೆ. ಮಣ್ಣು ಅಂದ್ಲು. ಮಣ್ಣಿಗೆ ಲಗೇಜ್ ಟಿಕೆಟ್ ಮಾಡಿಸ್ದೆ. ಆರು ತಿಂಗಳು ಮಾತು ಬಿಟ್ಲು."

"ನಮ್ಮ ಮನೇಲಿ ಎಲೆ ಗುಡಿಸಿದ್ರೆ ಓಡಿ ಬರೋರು," ಎಂದರು ಟೀಚರಮ್ಮ. "ಸುಡಬೇಡಿ ಟೀಚರೇ, ಗಿಡದ ಬುಡಕ್ಕೆ ಹಾಕಿ, ಅದರ ಊಟ ಅದಕ್ಕೇ ಕೊಡಿ ಅಂತ. ಅವರಿಗೆ ಹೆದರಿ ನಾನು ಗುಡಿಸೋದೇ ಬಿಟ್ಟೆ."

"ನಾನು ಒಂದ್ಸಲ ತೂಕ ತಪ್ಪು ಬರೆದೆ," ಎಂದಳು ಜರಡಿ. "ಬೈತಾರೆ ಅಂತ ಅಳ್ತಾ ಹೋದೆ. ಮೇಡಂ ನಕ್ಕುಬಿಟ್ರು. ನನ್ನ ಗಂಡ ಒಂದು ಮಳೆಗಾಲಾನೇ ಮಣ್ಣಿಗೆ ತಿನ್ನಿಸಿದಾನೆ, ಅವನನ್ನೇ ಮದುವೆ ಆಗಿದೀನಿ, ನಿನ್ನದೇನು ಮಹಾ ಅಂದ್ರು."

 ಹೆಂಡತಿ ತನ್ನ ಬೆನ್ನ ಹಿಂದೆ ತನ್ನ ಬಗ್ಗೆ ಹೇಳಿಕೊಂಡು ನಗುತ್ತಿದ್ದಳು ಎಂದು ಟೈಲರಿಗೆ ಗೊತ್ತೇ ಇರಲಿಲ್ಲ. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಬಿಸಿಲು ಕೆಂಪಾಗಿ ಇಳಿಯಿತು. ಮೊದಲು ಗಾಳಿ ಸತ್ತಂತೆ ನಿಂತಿತು. ಆಮೇಲೆ ಪೊದೆಗಳ ಎಲೆಗಳು ಒಂದೊಂದಾಗಿ ಈ ಕಡೆ ಮುಖ ತಿರುಗಿಸಿದವು. ಜರಡಿ ಎದ್ದು ಕೈಯೆತ್ತಿ ನೋಡಿ, "ಬಂತು ಸಾರ್," ಎಂದಳು.

ಬೆಳಗ್ಗೆ ನೋಡೋಕಾಗಲ್ಲ ಎಂದಿದ್ದ ಟೈಲರ್ ಈಗ ಯಾರ ಕೈಗೂ ಕೊಡಲಿಲ್ಲ. ಡಬ್ಬಿ ತೆಗೆದುಕೊಂಡು ಕೊರಕಲಿನ ಅಂಚಿಗೆ ಇಳಿದ. ಮುಷ್ಟಿಮುಷ್ಟಿಯಾಗಿ ತೆಗೆದು ನೆಲಕ್ಕೆ ತಾಗುವಷ್ಟು ಬಗ್ಗಿ ಹಾಕಿದ, ಚೆಲ್ಲಲಿಲ್ಲ. ಹಗುರಾದ ಪುಡಿಯನ್ನು ಗಾಳಿ ಎತ್ತಿಕೊಂಡು ಇನ್ನೂ ಕೆಳಗೆ ಒಯ್ದಿತು. ಡಬ್ಬಿ ಬರಿದಾದಾಗ ಅದರ ತಳವನ್ನು ತಟ್ಟಿ ಕೊಡವಿದ. ಆಮೇಲೆ ಹತ್ತಿ ಬಂದು ಡಬ್ಬಿಯನ್ನು ಭಾಮೈದನಿಗೆ ಕೊಟ್ಟ.  ಗೇಟಿನ ಹತ್ತಿರ ಬಂದವನು ಊರಿಕೊಳ್ಳಲು ಬೇಲಿಯ ಕಂಬದತ್ತ ಕೈ ಚಾಚಿದ.

"ಸಾರ್! ಕೈ!"

ಜರಡಿಯ ಕೂಗಿಗೆ ಅವನು ಇದ್ದಲ್ಲೇ ಕಲ್ಲಾಗಿ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದ. ಬೆರಳ ಸಂದು, ಉಗುರು, ಅಂಗೈ ಎಲ್ಲ ಬೂದಿ. ಕಳ್ಳ ಸಿಕ್ಕಿಬಿದ್ದಂತೆ ನಿಂತ ಅವನನ್ನು ನೋಡಿ ಟೀಚರಮ್ಮನಿಗೆ ನಗು ಬಂತು. ಅವನಿಗೂ ಬಂತು.

"ಹಾಗೇ ಇರಿ ಭಾವ, ಕೆಳಗಿಳಿಸಬೇಡಿ," ಎಂದು ಭಾಮೈದ ಅವನ ಮೊಣಕೈ ಹಿಡಿದು, ಹೆಜ್ಜೆ ಮೇಲೆ ಹೆಜ್ಜೆ ಇಡಿಸಿ ದಾರಿಯ ಆಚೆ ನಡೆಸಿಕೊಂಡು ಹೋದ. ಕೊರಕಲಿನ ಕಡೆ ಮುಖ ಮಾಡಿ ನಿಲ್ಲಿಸಿ, ಬಾಟಲಿಯ ನೀರನ್ನು ಸಣ್ಣಗೆ ಸುರಿದ. ಟೈಲರ್ ಒಂದೊಂದು ಬೆರಳನ್ನೂ ಉಜ್ಜಿ ಉಜ್ಜಿ ತೊಳೆದ. ಬೂದುಬಣ್ಣದ ನೀರು ಅವನ ಬೇರೆಬೇರೆ ಚಪ್ಪಲಿಗಳ ನಡುವಿನಿಂದ ದಾರಿ ಮಾಡಿಕೊಂಡು ಇಳಿಜಾರಿಗೆ ಇಳಿಯಿತು, ಬಡಕಲು ಗಿಡವೊಂದರ ಬುಡಕ್ಕೆ ಹೋಗಿ ನಿಂತಿತು, ಇಂಗಿತು.